ಘಾಟು ಬಂದ ಅಮಾವಾಸ್ಯೆ

ಹಾವೇರಿಯಲ್ಲಿ ಕುಳಿತು ಬ್ಯಾಡಗಿ ಮೆಣಸಿನಕಾಯಿಯನ್ನು ಮೊಬೈಲಿನಲ್ಲಿ ತರಿಸುವ ಮಗಳು ನನಗಿದ್ದಾಳೆ. ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಆದರೂ ಆ ಪೊಟ್ಟಣ ಎಲ್ಲೆಲ್ಲೋ ಸುತ್ತಿ ಐದು ದಿನಕ್ಕೆ ಮನೆಗೆ ಬಂತು. ಮೇಲೆ 'ಅಸಲಿ ಬ್ಯಾಡಗಿ' ಎಂದು ಕೆಂಪು ಅಕ್ಷರ. ಕಳೆದ ವಾರ ಸಾರಿನ ಪುಡಿಗೆಂದು ಅದನ್ನು ಹುರಿಯಲು ಕುಳಿತೆ. ಎರಡು ನಿಮಿಷಕ್ಕೆ ನಾನು ಕೆಮ್ಮಿದೆ, ಮಗಳು ಕೆಮ್ಮಿದಳು, ಎದುರು ಮನೆಯ ಮುದುಕರು ಬಾಗಿಲು ಬಡಿದು ಏನಾಯಿತೆಂದು ಕೇಳಿದರು. ಒಳಗಿನ ಕೋಣೆಯಿಂದ ಶಾಂತತ್ತಿ ಮಾತ್ರ ನಗುತ್ತ ಕೂಗಿದಳು: "ಅದು ನಮ್ಮೂರಿಂದಲ್ಲ. ಗುಂಟೂರಿಂದು. ನನಗ ಅದರ ಗುರ್ತ ಐತಿ."

ಗುರುತು ಇದೆ ಎಂದಳಲ್ಲ, ಆ ಗುರುತಿನ ಕಥೆಯನ್ನು ನಿಮಗೆ ಹೇಳಬೇಕು. ಅದಕ್ಕೆ ಮೊದಲು ನಮ್ಮೂರ ಕಾಯಿಯ ಬಗ್ಗೆ ಒಂದು ಮಾತು. ಬ್ಯಾಡಗಿ ಮೆಣಸಿನಕಾಯಿಯದು ಬಣ್ಣ ದೊಡ್ಡದು, ಖಾರ ಸಣ್ಣದು. ನೋಡಿದರೆ ಊರೇ ಸುಟ್ಟೀತು ಅನ್ನಿಸಬೇಕು, ಕಡಿದರೆ ಮಕ್ಕಳೂ ತಡೆಯುತ್ತಾರೆ. ನಮ್ಮೂರ ಗಂಡಸರೂ ಹೆಚ್ಚುಕಡಿಮೆ ಹಾಗೇ ಎಂದು ಶಾಂತತ್ತಿ ಹೇಳುತ್ತಾಳೆ. ಆಕೆ ಮದುವೆಯಾಗಿಲ್ಲ, ಆದ್ದರಿಂದ ಅವಳ ಮಾತಿಗೆ ಪಕ್ಷಪಾತವಿಲ್ಲ.

ಶಾಂತತ್ತಿ ನನ್ನ ಅಪ್ಪನ ತಂಗಿ. ಎಂಬತ್ತರ ದಶಕದಲ್ಲಿ ಬ್ಯಾಡಗಿಯ ನಮ್ಮ ಮನೆಯಲ್ಲಿ ನಾವು ಐದು ಜನ: ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ, ಶಾಂತತ್ತಿ ಮತ್ತು ಒಬ್ಬಳೇ ಮಗಳಾದ ನಾನು. ಅಪ್ಪ ಮೆಣಸಿನಕಾಯಿ ದಲಾಲರ ಅಂಗಡಿಯಲ್ಲಿ ಗುಮಾಸ್ತ. ಮನೆಯ ಗೃಹಖಾತೆ, ಆರೋಗ್ಯಖಾತೆ, ದೇವರ ಖಾತೆ ಎಲ್ಲವೂ ಆಯಿಯ ಕೈಯಲ್ಲಿ. ಅವಳ ವೈದ್ಯಶಾಸ್ತ್ರದಲ್ಲಿ ಇದ್ದದ್ದು ಒಂದೇ ರೋಗ, ಅದರ ಹೆಸರು ದೃಷ್ಟಿ. ಔಷಧಿಯೂ ಒಂದೇ. ಹಿಡಿ ಉಪ್ಪು, ಏಳು ಒಣ ಮೆಣಸಿನಕಾಯಿ ತೆಗೆದುಕೊಂಡು ಮೂರು ಸಲ ನಿವಾಳಿಸಿ, "ನಾಯಿ ಕಣ್ಣು, ನರಿ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು" ಎಂದು ಪಟ್ಟಿ ಓದಿ, ಥೂ ಥೂ ಎಂದು ಒಲೆಗೆ ಹಾಕುವುದು. ಘಾಟು ಬಂದರೆ ದೃಷ್ಟಿಯಾಗಿಲ್ಲ. ಬರದಿದ್ದರೆ ಭಾರಿ ದೃಷ್ಟಿಯಾಗಿತ್ತು, ಅದೇ ಘಾಟನ್ನು ನುಂಗಿಬಿಟ್ಟಿತು ಎಂದು ಲೆಕ್ಕ.

ಈಗ ನೀವೇ ಹೇಳಿ. ಒಲೆಯ ಮೇಲೆ ದೊಡ್ಡ ಬೆಳಕಿಂಡಿ, ಒಲೆಗೆ ಬೀಳುವುದು ಹೋದ ವರ್ಷದ ಬ್ಯಾಡಗಿ ಕಾಯಿ. ಘಾಟು ಎಲ್ಲಿಂದ ಬರಬೇಕು? ಹೀಗಾಗಿ ನಮ್ಮ ಮನೆಯಲ್ಲಿ ದೃಷ್ಟಿಯಾಗದ ಜೀವವೇ ಇರಲಿಲ್ಲ. ನನಗೆ ದೃಷ್ಟಿ, ಅಪ್ಪನಿಗೆ ದೃಷ್ಟಿ, ನಾಲ್ಕು ವರ್ಷದಿಂದ ಗಬ್ಬವಾಗದ ಎಮ್ಮೆಗೆ ದೃಷ್ಟಿ. ಕಪ್ಪಗೆ, ಸಣಕಲಾಗಿ, ಪಿಯುಸಿಯಲ್ಲಿ ಇಂಗ್ಲಿಷ್ ಹೋಗಿ ಕುಳಿತಿದ್ದ ನನ್ನ ಮೇಲೆ ಯಾವ ಪುಣ್ಯಾತ್ಮನ ಕಣ್ಣು ಬಿದ್ದಿದ್ದೀತು ಎಂದು ನಾನೂ ಆಗಾಗ ಆಸೆಯಿಂದ ಯೋಚಿಸಿದ್ದುಂಟು.

ಎಲ್ಲರಿಗಿಂತ ಹೆಚ್ಚು ದೃಷ್ಟಿ ಶಾಂತತ್ತಿಗೆ. ಪ್ರತಿ ಅಮಾವಾಸ್ಯೆಗೆ ತಪ್ಪದೆ ತೆಗೆಯುತ್ತಿದ್ದರು. ಅವಳು ಇಪ್ಪತ್ತರ ಹುಡುಗಿಯಾಗಿದ್ದಾಗ ಬಿ.ಎ. ಓದಲು ರಾಣೆಬೆನ್ನೂರಿಗೆ ಹೋಗಿ, ಆಯಿಯ ತಮ್ಮನ ಮನೆಯಲ್ಲಿ ಇದ್ದಳು. ಎಂಟು ತಿಂಗಳಿಗೆ ಟ್ರಂಕು ಹೊತ್ತು ವಾಪಸು ಬಂದವಳು ಮತ್ತೆ ಕಾಲೇಜಿನ ಕಡೆ ತಲೆಹಾಕಲಿಲ್ಲ. ಆಮೇಲೆ ಶುರುವಾಯಿತು. ದಿನಕ್ಕೆ ನಾಲ್ಕು ಸಲ ಸ್ನಾನ. ಗೋಡೆಗೆ ಬೆನ್ನು ಹಚ್ಚದೆ ಕೂರುತ್ತಿರಲಿಲ್ಲ. ನಿದ್ದೆ ಇಲ್ಲ, ಊಟ ಇದ್ದರೂ ಇಲ್ಲ. ಊರವರ ಪಾಲಿಗೆ ಅದು ಸರಳ: ರಾಣೆಬೆನ್ನೂರು ಸ್ಟೇಷನ್ನಿನ ಹುಣಸೇಮರದ ಗಾಳಿ ಸೋಂಕಿದೆ. ಆ ಮರದ ಗಾಳಿ ಎಂದು ಮೊದಲು ಹೇಳಿದವಳು ಆಯಿ.

ಅವಳು ಅಳುತ್ತಿದ್ದಳೇ ಎಂದು ಕೇಳಿದರೆ, ಅಳುತ್ತಿದ್ದಳು. ಆದರೆ ಸುಗ್ಗಿಯಲ್ಲಿ ಬ್ಯಾಡಗಿಯಲ್ಲಿ ಎಲ್ಲರ ಕಣ್ಣಲ್ಲೂ ನೀರು, ಎಲ್ಲರ ಮೂಗಲ್ಲೂ ನೀರು. ಮನೆಮನೆಯ ಕಟ್ಟೆಯ ಮೇಲೆ ಹೆಂಗಸರು ಕಾಯಿಯ ತೊಟ್ಟು ಬಿಡಿಸುತ್ತ ಕೂತಿರುತ್ತಾರೆ. ಅತ್ತವರನ್ನು ಯಾಕೆಂದು ಕೇಳುವ ಪದ್ಧತಿಯೇ ಇಲ್ಲ. ಶಾಂತತ್ತಿ ಶ್ರಾವಣದಲ್ಲೂ ಅಳುತ್ತಿದ್ದಳು ಎಂಬುದು ನಮ್ಮ ಲಕ್ಷ್ಯಕ್ಕೆ ಬರಬೇಕಿತ್ತು, ಬರಲಿಲ್ಲ.

ರಾಣೆಬೆನ್ನೂರಿನ ಆ ತಮ್ಮನನ್ನು ಅಪ್ಪ ಮಾವ ಎನ್ನುತ್ತಿದ್ದರಿಂದ ಮನೆಯವರೆಲ್ಲ ಮಾವ ಎನ್ನುತ್ತಿದ್ದೆವು. ಬೀಜದ ಅಂಗಡಿ, ಮಹಡಿ ಮನೆ, ಮೋಟರ್ ಸೈಕಲ್, ಇಸ್ತ್ರಿಯ ಬಿಳಿ ಅಂಗಿ. ಬೀಗರ ನಡುವೆ ಜಗಳವಾದರೆ ಪಂಚಾಯಿತಿಗೆ ಅವನೇ, ಮದುವೆಯಲ್ಲಿ ಹೆಣ್ಣುಮಕ್ಕಳ ಸಂಸ್ಕಾರದ ಬಗ್ಗೆ ಮೈಕು ಹಿಡಿಯುವುದಕ್ಕೂ ಅವನೇ. ಅವನ ಮೋಟರ್ ಸೈಕಲ್ಲು ನಮ್ಮ ಓಣಿಯ ತಿರುವಿಗೆ ಬಂದ ಸಪ್ಪಳ ಕೇಳಿದರೆ ಸಾಕು, ಶಾಂತತ್ತಿ ಬಚ್ಚಲಿಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತಿದ್ದಳು. ಅವನು ಹೋಗುವವರೆಗೂ ಹೊರಬರುತ್ತಿರಲಿಲ್ಲ. ಇದಕ್ಕೆ ಮನೆಯಲ್ಲಿ ಕೊಟ್ಟ ಅರ್ಥವನ್ನು ಕೇಳಿದರೆ ನಿಮಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದು. ಹಿರಿಯರೆಂದರೆ ಅವಳಿಗೆ ಎಷ್ಟು ಮರ್ಯಾದೆ ನೋಡಿ ಎಂದು ಅವ್ವ ಬಂದವರ ಮುಂದೆ ಹೊಗಳುತ್ತಿದ್ದಳು.

ಚಿಕಿತ್ಸೆಗೆ ಏನೂ ಕೊರತೆ ಮಾಡಲಿಲ್ಲ. ದರ್ಗಾಕ್ಕೆ ಕರೆದೊಯ್ದರು. ಅಲ್ಲಿಯ ಮುದುಕ ಮುಜಾವರರು ತಾಯತ ಕಟ್ಟಿ, ಅವಳ ಮುಖವನ್ನೇ ನೋಡುತ್ತ, "ಏನಾತು ಬೇಟಿ?" ಎಂದು ಕೇಳಿದರಂತೆ. ಆರು ವರ್ಷದಲ್ಲಿ ಹಾಗೆ ಕೇಳಿದ ಮೊದಲ ಮನುಷ್ಯ. ಶಾಂತತ್ತಿ ಬಾಯಿ ತೆರೆಯುವ ಮೊದಲೇ ಆಯಿ ಹುಣಸೇಮರದ ವೃತ್ತಾಂತ ಶುರುಮಾಡಿದಳು. ಮುಜಾವರರು ಪೂರ್ತಿ ಕೇಳಿ, ಇದು ಗಾಳಿಯಲ್ಲ, ಡಾಕ್ಟರ ಕಡೆ ಒಯ್ಯಿರಿ ಎಂದರು. ಊರ ಡಾಕ್ಟರ ಕಡೆ ಒಯ್ದರೆ ಅವರು ಶಕ್ತಿಯ ಟಾನಿಕ್ಕು ಬರೆದು, ದೇವರಿಗೆ ನಡೆದುಕೊಳ್ಳಿ ಎಂದರು. ದೇವರು ಮಾತ್ರ ಎಲ್ಲಿಗೂ ಕಳಿಸಲಿಲ್ಲ.

ಹೀಗಿರುವಾಗ ನಾನು ಎರಡನೇ ಯತ್ನಕ್ಕೆ ಪಿಯುಸಿ ಪಾಸಾದೆ. ಆಗ ನನಗೆ ಹತ್ತೊಂಬತ್ತು. ಮುಂದೆ ರಾಣೆಬೆನ್ನೂರಿನಲ್ಲಿ ಡಿಗ್ರಿ, ಮಾವನ ಮನೆಯಲ್ಲಿ ವಸತಿ ಎಂದು ನಿಶ್ಚಯವಾಯಿತು. ವಿದ್ಯೆಯ ಮೇಲಿನ ಪ್ರೀತಿಯಿಂದ ಕುಣಿದೆ ಎಂದು ಬರೆದರೆ ಸುಳ್ಳಾದೀತು. ಮಾವನ ಮನೆಯಲ್ಲಿ ಕಲರ್ ಟಿವಿ ಇತ್ತು. ಮಹಡಿಯ ಮೇಲೆ ನನಗೊಂದು ಬೇರೆ ಕೋಣೆ, ಕಿಟಕಿಗೆ ಪರದೆ. ಟ್ರಂಕಿಗೆ ಬಣ್ಣ ಹೊಡೆಸಿ, ಹೆಸರು ಬರೆಸಿ, ಎಂಟು ದಿನ ಮೊದಲೇ ತುಂಬಿಟ್ಟುಕೊಂಡಿದ್ದೆ. ಶಾಂತತ್ತಿ ಆ ಟ್ರಂಕಿನಿಂದ ನನ್ನ ಬಟ್ಟೆಗಳನ್ನು ದಿನಾ ತೆಗೆದು ಹೊರಗಿಡುತ್ತಿದ್ದಳು, ನಾನು ದಿನಾ ಬೈಯುತ್ತ ಮತ್ತೆ ತುಂಬುತ್ತಿದ್ದೆ. ಹುಚ್ಚಿಗೆ ಹೊಟ್ಟೆಕಿಚ್ಚು ಎಂದು ಅವ್ವನ ಮುಂದೆ ಚಾಡಿ ಹೇಳಿದ್ದೆ. ನೆನೆಸಿಕೊಂಡರೆ ಇವತ್ತಿಗೂ ಮೈಯೆಲ್ಲ ಹಿಡಿಯಾಗುತ್ತದೆ.

ನಾಳೆ ಬೆಳಿಗ್ಗೆ ಮಾವ ಬಂದು ನನ್ನನ್ನು ಕರೆದೊಯ್ಯಬೇಕು. ಅವತ್ತು ಅಮಾವಾಸ್ಯೆ. ದೀಪ ಹಚ್ಚುವ ಹೊತ್ತಿಗೆ ಆಯಿ ಎಂದಿನಂತೆ ಶಾಂತತ್ತಿಯನ್ನು ಒಲೆಯ ಮುಂದೆ ಕೂರಿಸಿದಳು. ಮೆಣಸಿನಕಾಯಿ ತಾನೇ ತರುತ್ತೇನೆಂದು ಶಾಂತತ್ತಿ ಎದ್ದು ಹೋದದ್ದು ಯಾರಿಗೂ ವಿಶೇಷ ಅನ್ನಿಸಲಿಲ್ಲ. ಅವಳು ಹೋದದ್ದು ನಮ್ಮ ಡಬ್ಬಿಗಲ್ಲ. ಅಪ್ಪ ಅಂಗಡಿಯಿಂದ ಕಾಗದದಲ್ಲಿ ಕಟ್ಟಿ ತರುತ್ತಿದ್ದ ಮಾದರಿ ಕಾಯಿಗಳು ಗೂಡಿನಲ್ಲಿ ಇರುತ್ತಿದ್ದವು. ಅದರಲ್ಲಿ ಭಾರಿ ಘಾಟಿನ ಗುಂಟೂರಿನವು ಯಾವುವು ಎಂದು ಅವಳಿಗೆ ಗೊತ್ತಿತ್ತು. ಬೆಳಕಿಂಡಿಗೆ ಮಧ್ಯಾಹ್ನವೇ ಒಂದು ಗೋಣಿ ಮುಚ್ಚಿದ್ದಳೆಂಬುದು ನಮಗೆ ಆಮೇಲೆ ತಿಳಿಯಿತು. ಹುಚ್ಚಿ ಎನ್ನುತ್ತಿದ್ದೆವು ಅವಳಿಗೆ.

ಆಯಿ ನಿವಾಳಿಸಿದಳು, ಕಣ್ಣುಗಳ ಪಟ್ಟಿ ಓದಿದಳು, ಒಲೆಗೆ ಎಸೆದಳು. ಅರ್ಧ ನಿಮಿಷ. ಮೊದಲು ಅವ್ವ ಕೆಮ್ಮಿದಳು. ಆಮೇಲೆ ಯಾರಾದ ಮೇಲೆ ಯಾರು ಕೆಮ್ಮಿದರೋ ಹೇಳಲಾರೆ. ಅಪ್ಪ ಊಟದ ತಟ್ಟೆಯನ್ನೇ ಹಿಡಿದು ಅಂಗಳಕ್ಕೆ ಓಡಿದ, ಎಮ್ಮೆ ಹಗ್ಗ ಜಗ್ಗಿತು. ಆಯಿ ಸೆರಗಿನಲ್ಲಿ ಮೂಗು ಮುಚ್ಚಿ, ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತ, ಜೀವಮಾನದಲ್ಲೇ ಮೊದಲ ಸಲ ತನ್ನ ಶಾಸ್ತ್ರಕ್ಕೆ ತಾನೇ ಸಿಕ್ಕಿಬಿದ್ದಳು.

ಶಾಂತತ್ತಿ ಎದ್ದು ನಡುಮನೆಯ ಬಾಗಿಲಿಗೆ ಅಡ್ಡ ನಿಂತಳು. ಅವಳೂ ಕೆಮ್ಮುತ್ತಿದ್ದಳು, ಕೆಮ್ಮುತ್ತಲೇ ಹೇಳಿದಳು.

"ಘಾಟ ಬಂತಲ್ಲ ಯವ್ವಾ? ನೀನ ಹೇಳೀದಿ, ಘಾಟ ಬಂದ್ರ ದೃಷ್ಟಿ ಇಲ್ಲ ಅಂತ. ನನಗ ದೃಷ್ಟಿ ಇಲ್ಲ, ಗಾಳಿ ಇಲ್ಲ, ಹುಚ್ಚೂ ಇಲ್ಲ. ಈಗರ ನನ್ನ ಮಾತ ಕೇಳ್ರಿ. ಅಣ್ಣಾ, ನೀನೂ ಒಳಗ ಬಾ. ಇಕೀನ್ನ ಆ ಮನಿಗೆ ಕಳಸಬ್ಯಾಡ್ರಿ. ಮಾವ ನನ್ನ ಖೋಲಿಗೆ ಬರತಿದ್ದ. ಬ್ಯಾಡ ಅಂದ್ರೂ ಬರತಿದ್ದ, ಕೈ ಮುಗದ್ರೂ ಬರತಿದ್ದ. ಎಂಟ ತಿಂಗಳದಾಗ ನಾ ಬಾಗಲಾ ಹಾಕ್ಕೊಳ್ಳಾಕ ಅಗಳಿ ಇರಲಿಲ್ಲ ಅಲ್ಲಿ. ಕಿತ್ತ ಹಾಕಿದ್ದ."

ಮೊದಲು ಮಾತಾಡಿದವಳು ನಾನು. ನನ್ನ ಕಲರ್ ಟಿವಿ ಹೋಯಿತಲ್ಲ ಎಂಬ ಸಿಟ್ಟೂ ಆ ಮಾತಿನಲ್ಲಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಲೋಕದ ಬುದ್ಧಿವಂತರೆಲ್ಲ ಕೇಳುವ ಪ್ರಶ್ನೆಯನ್ನೇ ಕೇಳಿದೆ.

"ಮತ್ತ ಆವಾಗನ ಯಾಕ ಹೇಳಲಿಲ್ಲತ್ತಿ?"

"ಹೇಳಿದ್ದೆ," ಅಂದಳು. "ಬಂದ ದಿನಾನ ನಮ್ಮವ್ವಗ, ನಿಮ್ಮ ಆಯಿಗೆ, ಹೇಳಿದ್ದೆ. ಅವತ್ತ ಸಂಜಿಕನ ನನಗ ಮೊದಲನೇ ಸಲ ದೃಷ್ಟಿ ತಗದ್ಲು."

ಆಯಿಯ ಕಡೆ ನೋಡಿದೆ. ಅವಳು ಇಲ್ಲ ಎನ್ನಲಿಲ್ಲ. ನಾಯಿ ಕಣ್ಣು ನರಿ ಕಣ್ಣು ಎಂದು ವರ್ಷಗಟ್ಟಲೆ ಓದಿದ ಆ ಪಟ್ಟಿಯಲ್ಲಿ ತಮ್ಮನ ಕಣ್ಣು ಒಂದನ್ನು ಬಿಟ್ಟು ಲೋಕದ ಎಲ್ಲ ಕಣ್ಣೂ ಇದ್ದವು. ಅವಳು ಒಲೆಗೆ ಹೇಳುವಂತೆ ಹೇಳಿದಳು: "ಗಾಳಿ ಹಿಡದೈತಿ ಅಂದ್ರ ಮಂದಿ ಅಯ್ಯೋ ಅಂತಾರ. ಆ ಮಾತ ಅಂದ್ರ ಏನಂತಾರ? ನಾ ನನ್ನ ಮಗಳನ್ನ ಮುಚ್ಚಿ ಇಟ್ಕೊಂಡೆ." ಇದನ್ನು ಅವಳು ಪ್ರೀತಿಯಿಂದಲೇ ಮಾಡಿದ್ದಳು ಎಂದು ಈಗ ನಂಬುತ್ತೇನೆ. ಕ್ಷಮಿಸಿದ್ದೇನೆ ಎಂದು ಮಾತ್ರ ಹೇಳಲಾರೆ. ಅದು ನಾನು ಕೊಡಬೇಕಾದದ್ದೂ ಅಲ್ಲ.

ಅಪ್ಪ ಬಾವಿಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಬೆಳಿಗ್ಗೆ ಮಾವನ ಮೋಟರ್ ಸೈಕಲ್ಲು ಬಂದಾಗ ಅವನು ಓಣಿಯ ತಿರುವಿನಲ್ಲೇ ಅಡ್ಡ ನಿಂತ. ಸಿನಿಮಾದಲ್ಲಾದರೆ ಅಲ್ಲಿ ಒಂದು ಹೊಡೆದಾಟ ಆಗಬೇಕಿತ್ತು. ನನ್ನಪ್ಪ ದಲಾಲರ ಗುಮಾಸ್ತ, ಸೋದರಮಾವನ ಎದುರು ಯಾವತ್ತೂ ಕುರ್ಚಿಯಲ್ಲಿ ಕೂತವನಲ್ಲ. ನನಗೆ ಟೈಫಾಯ್ಡ್ ಬಂದಿದೆ ಎಂದು ಹೇಳಿ ಕಳಿಸಿದ. ಆ ಸುಳ್ಳಿಗೆ ಗೌರವ ತರಲು ನಾನು ಮೂರು ವಾರ ಕಂಬಳಿ ಹೊದ್ದು, ಗಂಜಿ ಕುಡಿದು, ನೋಡಲು ಬಂದವರ ಮುಂದೆ ನರಳಿದೆ. ಒಬ್ಬರು ತಂದ ಮೋಸಂಬಿಯನ್ನು ಅವ್ವ ನನಗೆ ಕೊಡದೆ ದೇವರ ಮುಂದಿಟ್ಟಳು. ಆಮೇಲೆ ಮನೆಯಲ್ಲಿ ಒಂದು ತೀರ್ಮಾನ ಆಯಿತು, ಅಂದರೆ ಯಾರೂ ಏನೂ ತೀರ್ಮಾನಿಸಲಿಲ್ಲ: ಹುಡುಗಿಯನ್ನು ದಿನಾ ಬಸ್ಸಿನಲ್ಲಿ ಹಾವೇರಿಗೆ ಕಳಿಸುವುದು, ಉಳಿದದ್ದು ಮನೆಯ ಹೊಸ್ತಿಲು ದಾಟಬಾರದು. ಶಾಂತತ್ತಿ ಒಬ್ಬಳೇ ಊರಿಗೆಲ್ಲ ಹೇಳೋಣ ಅಂದಳು. ನಿನ್ನ ಮಾತು ನಡೆಸಿದೆವಲ್ಲ, ಇನ್ನು ಸಾಕು ಎಂದರು. ಆ 'ಎಂದರು' ಎಂಬ ಬಹುವಚನದೊಳಗೆ ನಾನೂ ಇದ್ದೆ.

ಅಪ್ಪ ಒಂದು ಒಳ್ಳೆಯ ಕೆಲಸ ಮಾಡಿದ. ಅವಳನ್ನು ಧಾರವಾಡಕ್ಕೆ ಕರೆದೊಯ್ದ. ನಮ್ಮ ಕಡೆ ಯಾರಿಗಾದರೂ 'ಧಾರವಾಡಕ್ಕ ಕಳಸಬೇಕು' ಅಂದರೆ ಹುಚ್ಚಾಸ್ಪತ್ರೆಗೆ ಎಂದೇ ಅರ್ಥ. ಆದ್ದರಿಂದ ಓಣಿಯವರಿಗೆ ಪೇಢೆ ತರಲು ಹೋಗುತ್ತೇವೆ ಎಂದು ಹೇಳಿ, ಪ್ರತಿ ತಿಂಗಳೂ ನಿಜಕ್ಕೂ ಪೇಢೆ ತಂದು ಹಂಚಬೇಕಾಯಿತು. ಎರಡು ವರ್ಷ ನಮ್ಮ ಓಣಿಯ ಮಕ್ಕಳು ಶಾಂತತ್ತಿಯ ಚಿಕಿತ್ಸೆಯಿಂದ ದಪ್ಪಗಾದವು.

ಆ ದವಾಖಾನೆಯ ಡಾಕ್ಟರಮ್ಮ ಮೊದಲು ಮಾಡಿದ ಕೆಲಸವೆಂದರೆ ಅಪ್ಪನನ್ನು ಹೊರಗೆ ಕಳಿಸಿದ್ದು. ಎರಡನೆಯದು, ಸುಮ್ಮನೆ ಕೂತದ್ದು. ಒಂದು ತಾಸಿನ ಮೇಲೆ ಹೊರಗೆ ಬಂದ ಶಾಂತತ್ತಿ ಹಸಿವೆ ಎಂದಳಂತೆ, ಹೋಟೆಲಿನಲ್ಲಿ ಎರಡು ಪ್ಲೇಟು ಪೂರಿ ತಿಂದಳಂತೆ. ಡಾಕ್ಟರಮ್ಮ ಏನು ಹೇಳಿದರು ಎಂದು ನಾನು ಕೇಳಿದ್ದಕ್ಕೆ, "ನಿನಗ ಹುಚ್ಚ ಹಿಡದಿಲ್ಲ, ಭಾಳ ದೊಡ್ಡ ಪೆಟ್ಟ ಬಿದ್ದೈತಿ ಅಂದ್ರು. ನಂಬತೇನಿ ಅಂದ್ರು," ಎಂದಳು. ಗುಳಿಗೆಗಳೂ ಇದ್ದವು. ನಿದ್ದೆ ಒಂದೇ ದಿನಕ್ಕೆ ಬರಲಿಲ್ಲ. ಮೋಟರ್ ಸೈಕಲ್ಲಿನ ಸಪ್ಪಳಕ್ಕೆ ಅವಳ ಕೈ ಇವತ್ತಿಗೂ ಒಮ್ಮೊಮ್ಮೆ ನಿಲ್ಲುತ್ತದೆ. ಆದರೆ ಅವಳು ಹೊಲಿಗೆ ಕಲಿತಳು, ಹಾವೇರಿಯ ಶಾಲೆಯೊಂದರಲ್ಲಿ ಹೊಲಿಗೆ ಟೀಚರ್ ಆದಳು, ಮೂವತ್ತು ವರ್ಷ ಹುಡುಗಿಯರ ಕಿವಿ ಹಿಂಡಿದಳು. ಈಗ ನನ್ನ ಜೊತೆ ಇದ್ದಾಳೆ, ನನ್ನ ಅಡಿಗೆಗೆ ಹೆಸರಿಡುತ್ತ.

ಇಲ್ಲಿಗೆ ಮುಗಿಸಿದ್ದರೆ ಎಷ್ಟು ಚೆಂದ ಇತ್ತು. ಆದರೆ ನಾನು ಹೋಗದೆ ಖಾಲಿ ಉಳಿದ ಆ ಮಹಡಿಯ ಕೋಣೆಯ ವಿಷಯ ಹೇಳಲಿಲ್ಲ. ಅದು ಖಾಲಿ ಉಳಿಯಲಿಲ್ಲ. ಆ ಜುಲೈಯಲ್ಲೇ ಐರಣಿಯಿಂದ ಸುಶೀಲಾ ಅಲ್ಲಿಗೆ ಬಂದಳು. ಆಯಿಯ ತಂಗಿಯ ಮೊಮ್ಮಗಳು, ನನ್ನದೇ ವಾರಿಗೆಯವಳು. ಮೂರು ವರ್ಷ ಅಲ್ಲೇ ಇದ್ದು ಡಿಗ್ರಿ ಮುಗಿಸಿದಳು. ಬಸ್ಸಿನಲ್ಲಿ ಜೋತಾಡುತ್ತ ಹಾವೇರಿಗೆ ಹೋಗುತ್ತಿದ್ದ ನನಗೆ ಅವಳ ಮೇಲೆ ಹೊಟ್ಟೆ ಉರಿಯುತ್ತಿತ್ತು. ಮದುವೆ ಮುಂಜಿಯಲ್ಲಿ ಸಿಕ್ಕರೆ ಮಾತಾಡುತ್ತಿರಲಿಲ್ಲ, ಮೂಲೆ ಹಿಡಿದು ಕೂರುತ್ತಿದ್ದಳು. ಪಟ್ಟಣ ಕಂಡವಳಿಗೆ ಡೌಲು ಎಂದು ನಾನು ಊರೆಲ್ಲ ಆಡಿಕೊಂಡೆ. ಏನು ನಡೆಯುತ್ತದೆಂದು ಗೊತ್ತಿದ್ದ ಮನೆಗೆ ಇನ್ನೊಂದು ಹುಡುಗಿ ಹೋಗಿದ್ದಾಳೆ ಎಂಬ ವಿಚಾರ ನನ್ನ ತಲೆಗೆ ಬರಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಬಂದಿತ್ತು. ಬಂದಾಗಲೆಲ್ಲ ತಿರುಗಿ ಮಲಗಿದೆ.

ಮೊನ್ನೆ, ಮೆಣಸಿನಕಾಯಿ ಹುರಿದ ಎರಡು ದಿನಕ್ಕೆ, ಮಾವ ತೊಂಬತ್ತರ ಹತ್ತಿರ ಬಂದು ತೀರಿಕೊಂಡ. ಬಂಧುಬಳಗದ ವಾಟ್ಸಾಪ್ ಗುಂಪಿನಲ್ಲಿ ಹೂವುಗಳೇನು, ಕೈಮುಗಿದ ಚಿತ್ರಗಳೇನು, ಅಜಾತಶತ್ರು ಎಂದು ಒಬ್ಬರು, ಹೆಣ್ಣುಮಕ್ಕಳ ಪಾಲಿನ ದೇವರು ಎಂದು ಇನ್ನೊಬ್ಬರು. ಶಾಂತತ್ತಿ ಕನ್ನಡಕ ಹಾಕಿಕೊಂಡು, ಒಂದೇ ಬೆರಳಿನಲ್ಲಿ, ಇಪ್ಪತ್ತು ನಿಮಿಷ ಏನೋ ಒತ್ತಿದಳು. ನನ್ನ ಫೋನು ಗುಂಯ್ ಅಂದಿತು. 'ಈ ಮನುಷ್ಯ ನಾನು ಅವನ ಮನೆಯಲ್ಲಿ ಓದಲು ಇದ್ದಾಗ ನನ್ನನ್ನು ಕೆಡಿಸಿದ. ನಾನು ಹೂವು ಹಾಕುವುದಿಲ್ಲ. ಶಾಂತಾ, ನಿವೃತ್ತ ಹೊಲಿಗೆ ಶಿಕ್ಷಕಿ.'

ಇಬ್ಬರು ಗುಂಪು ಬಿಟ್ಟು ಹೋದರು. ಒಬ್ಬ ಮಹಾನುಭಾವ ಸಂಜೆ ನಾಲ್ಕಕ್ಕೆ ಶುಭೋದಯ ಎಂದು ಗುಲಾಬಿ ಕಳಿಸಿದ. ನಾನು ಬರೆದೆ: 'ಇದು ನಿಜ. ನನಗೆ ಮೊದಲಿನಿಂದ ಗೊತ್ತು.' ಬಹಳ ಧೈರ್ಯ ಮಾಡಿದೆನೆಂದು ಒಳಗೊಳಗೇ ಬೀಗುತ್ತ ಚಹಾಕ್ಕೆ ನೀರಿಟ್ಟೆ. ಕುದಿಯುವಷ್ಟರಲ್ಲಿ ಫೋನು ಬಂತು. ದಾವಣಗೆರೆಯಿಂದ ಸುಶೀಲಾ. ನಾಳೆ ಬರುತ್ತೇನೆ ಅಂದಳು, ಇಟ್ಟಳು.

ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಶಾಂತತ್ತಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಸುಶೀಲಾ ಅವಳ ಕಡೆ ನೋಡದೆ ನನ್ನನ್ನೇ ನೋಡಿದಳು.

"ನಿನಗ ಟೈಫಾಯ್ಡ್ ಆಗೇತಿ, ಅದಕ್ಕ ನೀ ಬರಲಿಲ್ಲ ಅಂದಿದ್ರು. ಲಗೂ ಆರಾಮಾಗಿ ಬರಲಿ, ಒಬ್ಬಾಕಿಗೆ ಜೋಡಿ ಆಗ್ತೈತಿ ಅಂತ ಆ ಖೋಲ್ಯಾಗ ಕುಂತ ದೇವರಿಗೆ ಹರಕಿ ಹೊತ್ತಿದ್ದೆ ನಾ." ಆಮೇಲೆ ಕೇಳಿದಳು: "ನಿನ್ನೆ ಬರದೀಯಲ್ಲ, ಮೊದಲಿಂದ ಗೊತ್ತು ಅಂತ. ನಾ ಅಲ್ಲಿಗೆ ಹೋಗೂ ಮೊದಲ ಗೊತ್ತಿತ್ತಾ?"

ಉತ್ತರಗಳು ನನ್ನ ಬಳಿ ಬೇಕಾದಷ್ಟಿದ್ದವು. ನನಗೂ ಆಗ ಹತ್ತೊಂಬತ್ತೇ, ಹಿರಿಯರು ಬಾಯಿ ಕಟ್ಟಿದ್ದರು, ಕಾಲ ಹಾಗಿತ್ತು. ಎಲ್ಲವನ್ನೂ ಇಷ್ಟು ವರ್ಷದಿಂದ ತಿಕ್ಕಿ ತೊಳೆದು ಇಟ್ಟುಕೊಂಡಿದ್ದೆ.

"ಗೊತ್ತಿತ್ತು," ಅಂದೆ.

ಅವಳು ಬೈಯಬಹುದಿತ್ತು, ಎದ್ದು ಹೋಗಬಹುದಿತ್ತು. ಎರಡೂ ಮಾಡಲಿಲ್ಲ. ನಾನು ಚಹಾ ತರುವ ನೆವದಲ್ಲಿ ಏಳುತ್ತಿದ್ದುದನ್ನು ಕಂಡು, "ಚಾ ಬ್ಯಾಡ. ಕುಂದರು," ಅಂದಳು. "ಮೂರು ವರ್ಷದ್ದು ಐತಿ. ಪೂರಾ ಕೇಳು."

ಕುಳಿತೆ.